ಸ್ಟೇಜಿಗೆ ಕಾಗದ ಬ್ಯಾಡ

ನನ್ನ ಮಗ ಕಳ್ಳನಲ್ಲ. ಹಿಂದೆ ಕೂತವನು.

ಈ ಮಾತನ್ನು ಎಷ್ಟು ಬಾಗಿಲುಗಳಲ್ಲಿ ನಿಂತು ಹೇಳಿದ್ದೇನೋ ನನಗೇ ನೆನಪಿಲ್ಲ. ಹೇಳಿ ಹೇಳಿ ನನ್ನ ಬಾಯಿ ಒಣಗಿತೇ ಹೊರತು ಯಾರ ಕಿವಿಗೂ ಬೀಳಲಿಲ್ಲ. ಇರಲಿ, ನಿಮಗೂ ಒಂದು ಸಲ ಹೇಳುತ್ತೇನೆ.

ಮುಂದೆ ಕೂತು ಗಾಡಿ ಓಡಿಸಿದವನು ಮುರುಗೇಶ. ನಾನು ಕೂಲಿಗೆ ಹೋಗುವ ರೈಸ್‌ಮಿಲ್ಲಿನ ಸಾವ್ಕಾರ ಮರುಳಸಿದ್ದಪ್ಪನ ಒಬ್ಬನೇ ಮಗ. ಹಿಂದೆ ಕೂತವನು ನನ್ನ ಹುಲುಗೇಶ. ನಮ್ಮೂರು ಕಂಪ್ಲಿಯಿಂದ ಎಮ್ಮಿಗನೂರಿನ ಕಡೆ ಹೋಗುವಾಗ ಸಿಗುತ್ತದೆ. ಊರಿಗಿರುವುದು ಒಂದೇ ಹೈಸ್ಕೂಲು. ಹಾಗಾಗಿ ಸಾವ್ಕಾರನ ಮಗನೂ ಹೊಟ್ಟು ತುಂಬುವವಳ ಮಗನೂ ಒಂದೇ ಕ್ಲಾಸು, ಒಂದೇ ಬೆಂಚು. ಗೊಬ್ಬರದಂಗಡಿ ಮುಂದೆ ಯಾರದ್ದೋ ಬೈಕು ನಿಂತಿತ್ತು. ಕೀ ಅದರಲ್ಲೇ ಇತ್ತು. ಮುರುಗೇಶ ಅದರ ಮೇಲೆ ಕೂತು, "ಹತ್ತಲೇ, ಹಂಪಿ ನೋಡ್ಕೊಂಡು ಬರಾಣ" ಅಂದ. ನನ್ನ ಮಗ ಹತ್ತಿದ. ಹತ್ತಬಾರದಿತ್ತು, ಹತ್ತಿದ. ಅದಕ್ಕೆ ಮನೆಯಲ್ಲಿ ನಾನೇ ಪೊರಕೆ ತಗೊಂಡು ಬೆನ್ನ ಮೇಲೆ ಬಾರಿಸಿದ್ದೇನೆ.

ಬುಕ್ಕಸಾಗರದ ಬಾಳೆತೋಟ ದಾಟಿ ಹಂಪಿಗೆ ಹೋದರು. ಒಗ್ಗರಣಿ ಮಿರ್ಚಿ ತಿಂದರು. ವಾಪಸ್ ಬರುವಾಗ ಕಮಲಾಪುರದ ಹತ್ತಿರ ಸಿಕ್ಕಿಬಿದ್ದರು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸಾವ್ಕಾರ ಕಾರು ತಗೊಂಡು ಬಂದ. ಯಾರು ಯಾರಿಗೋ ಫೋನು ಮಾಡಿದ. ಮಗನನ್ನು ಹತ್ತಿಸಿಕೊಂಡು ಹೋದ. ಕಾರಿನಲ್ಲಿ ಜಾಗವಿತ್ತು, ನನ್ನ ಮಗನನ್ನು ಹತ್ತಿಸಿಕೊಳ್ಳಲಿಲ್ಲ.

ಮಾರನೆ ದಿನ ನೋಡಿದರೆ ಇಬ್ಬರು ಹುಡುಗರು ಒಬ್ಬನಾಗಿದ್ದರು. ಮುಂದೆ ಕೂತವನು ಮಾಯ. ಹಿಂದೆ ಕೂತವನ ಮೇಲೆ ಕೇಸು. ಅಂದರೆ ನನ್ನ ಮಗ ಹಿಂದಿನ ಸೀಟಿನಲ್ಲಿ ಕೂತುಕೊಂಡೇ ಹ್ಯಾಂಡಲ್ ಹಿಡಿದು, ಬ್ರೇಕು ತುಳಿದು, ಹಂಪಿಗೆ ಹೋಗಿ ಬಂದನಂತೆ. ಎಂಥ ಉದ್ದನೆಯ ಕೈಕಾಲು ಹೆತ್ತಿದ್ದೇನೆ ನೋಡಿ ನಾನು!

ಮಕ್ಕಳ ಕೋರ್ಟಿನ ಮೇಡಂ ಒಳ್ಳೆಯವರು. ಹುಡುಗನ ಮುಖ ನೋಡಿದರು. "ತಾಯಿ ಹತ್ರ ಇರು, ಸ್ಕೂಲಿಗೆ ಹೋಗು" ಅಂದು ಬಿಟ್ಟುಕೊಟ್ಟರು. ನಾನು ಕೈಮುಗಿದು ಬಂದೆ. ಎಲ್ಲಾ ಮುಗಿಯಿತು ಅಂದುಕೊಂಡೆ, ಹುಚ್ಚಿ.

ಶಾಲೆಯ ಗೇಟಿನಲ್ಲಿ ಹೆಡ್‌ಮಾಸ್ತರು ನಿಂತಿದ್ದರು. "ನೋಡಮ್ಮ ಜಂಬಮ್ಮ, ಕೇಸಿನ ಹುಡುಗ. ಹಂಗ ಸುಮ್ನ ಒಳಗ ಬಿಡಾಕ ಬರಂಗಿಲ್ಲ. ಠಾಣೆಯಿಂದ ಒಂದು ಕಾಗದ ತಗೊಂಡು ಬಾ" ಅಂದರು.

ಠಾಣೆಗೆ ಹೋದೆ. ಅಲ್ಲಿ ಹೆಡ್‌ಕಾನ್‌ಸ್ಟೇಬಲ್ ಜಡೆಪ್ಪ. ಮೀಸೆಗೆ ದಿನಾ ಎಣ್ಣೆ ಹಚ್ಚುವ ಮನುಷ್ಯ. "ಗಾಡಿ ಹಿಡದಿದ್ದು ಆ ಜಿಲ್ಲೆ, ನಿಮ್ಮೂರು ಈ ಜಿಲ್ಲೆ. ಹೊಸಪೇಟಿ ಮಕ್ಕಳ ಆಫೀಸಿನೋರು ಹೇಳಿದ್ರ ಕೊಡ್ತೀನಿ" ಅಂದ. ಜಿಲ್ಲೆ ಒಡೆದಾಗ ನಮ್ಮ ಮನೆಗೆ ಯಾರೂ ಬಂದು ಹೇಳಿರಲಿಲ್ಲ. ಮಿರ್ಚಿ ತಿನ್ನಲು ಹೋದ ಹುಡುಗರು ಗಡಿ ದಾಟಿದ್ದಾರೆಂದು ಆವತ್ತೇ ನನಗೆ ಗೊತ್ತಾಗಿದ್ದು.

ಹೊಸಪೇಟೆಗೆ ಹೋದೆ. ಆ ಆಫೀಸಿನ ಹೆಸರು ಉದ್ದವಿದೆ, ನನ್ನ ನಾಲಿಗೆ ಹೊರಳುವುದಿಲ್ಲ, ಮಕ್ಕಳ ಆಫೀಸು ಅನ್ನುತ್ತೇನೆ. ಅಲ್ಲಿ ರೇಣುಕಾದೇವಿ ಅಂತ ಮೇಡಂ. ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಛತ್ರಿ. "ಹುಡುಗ ಸುಧಾರಿಸ್ಯಾನ ಅಂತ ಸಂಸ್ಥೆಯವರು ಹೇಳ್ಬೇಕಮ್ಮ. ಅವರೇ ಬುದ್ಧಿಮಾತು ಹೇಳೋರು" ಅಂದರು. ಸಂಸ್ಥೆ ಅಂದರೆ ಮೌನೇಶ್ ಎಂಬ ಹುಡುಗ. ಬೆನ್ನಿಗೆ ಬ್ಯಾಗು, ಬಾಯಲ್ಲಿ ನಗು. "ಅಮ್ಮಾ, ಸಾಲಿಗೆ ಹೋಗೋ ಮಕ್ಕಳಿಗೆ ಮಾತ್ರ ನಮ್ಮ ಕೌನ್ಸೆಲಿಂಗ್. ಮೊದ್ಲು ಸಾಲಿಗೆ ಸೇರಿಸ್ರಿ, ಆಮ್ಯಾಲ ಸುಧಾರ್ಸೋಣ" ಅಂದ.

ಶಾಲೆಗೆ ಹೋದೆ. ಹೆಡ್‌ಮಾಸ್ತರು, "ಠಾಣೆ ಕಾಗದ ತಂದೇನಮ್ಮ?" ಅಂದರು.

ಸುತ್ತು ತಿಳಿಯಿತಲ್ಲ? ಮಳೆಗಾಲ ಕಳೆದು ಚಳಿ ಬಂದರೂ ನಾನು ಅದರಲ್ಲೇ ತಿರುಗಿದೆ. ಹೊಸಪೇಟೆಗೆ ಹೋದ ದಿನ ಕೂಲಿ ಇಲ್ಲ. ಕೂಲಿಗೆ ಹೋದ ದಿನ ಆಫೀಸಿಲ್ಲ. ಮಿಲ್ಲಿನಲ್ಲಿ ನನ್ನ ಕೆಲಸ ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವುವುದು, ಕಾಲಿನಿಂದ ಕೆದರುತ್ತ ತಿರುಗುವುದು, ಸಂಜೆ ಹೊಟ್ಟು ತುಂಬುವುದು. ಬಿಸಿ ಭತ್ತದ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟು ದಪ್ಪಗಾಗಿದೆ. ಹೊಟ್ಟಿನ ಧೂಳು ಕುತ್ತಿಗೆಗೆ, ಕಂಕುಳಿಗೆ ಕೂತು ಇಡೀ ರಾತ್ರಿ ಕೆರೆತ. ಆ ಕೆರೆತದಲ್ಲೇ ನಾನು ಜಡೆಪ್ಪನನ್ನು, ಛತ್ರಿ ಮೇಡಮ್ಮನನ್ನು, ಎಲ್ಲರನ್ನೂ ಸಾಲಾಗಿ ಬೈದುಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಬೈದರೆ ಕೆರೆತ ಸ್ವಲ್ಪ ಕಡಿಮೆಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಭಾನುವಾರ ಅಂತ ಒಂದಿತ್ತು.

ಪ್ರತಿ ಭಾನುವಾರ ಹುಲುಗೇಶ ಠಾಣೆಗೆ ಹೋಗಿ ಮುಖ ತೋರಿಸಬೇಕು ಅಂತ ಜಡೆಪ್ಪ ಹುಕುಂ ಮಾಡಿದ್ದ. ಮುಖ ತೋರಿಸುವುದು ಅಂದರೆ ಜೀಪು ತೊಳೆಯುವುದು. ಠಾಣೆ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ. ನನ್ನ ಮಗ ಟೈರಿನ ಮಣ್ಣು ಕೆರೆಯುತ್ತ ಕೂತಿದ್ದರೆ ಇಡೀ ಊರು ನೋಡುತ್ತ ಹೋಗುತ್ತದೆ. ಅವನ ಕ್ಲಾಸಿನ ಹುಡುಗಿಯರು ನೋಡುತ್ತಾರೆ. ಒಂದು ಸಲ ಬಸ್ಸಿಗೆ ನಿಂತಿದ್ದ ಒಬ್ಬ ಹೆಂಗಸು ಅವನನ್ನು ಕಂಡು ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಅವನು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಟೈರಿನ ಹಿಂದೆ ಸರಿದು ಕೂತದ್ದನ್ನು ನಾನೇ ನೋಡಿದೆ. ಸೀದಾ ಠಾಣೆಯೊಳಗೆ ಹೋದೆ.

"ಸಾಹೇಬ್ರ, ಕೋರ್ಟಿನ ಮೇಡಂ ಸಾಲಿಗೆ ಹೋಗು ಅಂದ್ರು. ಜೀಪು ತೊಳಿ ಅನ್ಲಿಲ್ಲ" ಅಂದೆ.

ಜಡೆಪ್ಪ ಮೀಸೆ ನೇವರಿಸಿಕೊಂಡ. "ಅದು ಬ್ಯಾರೆ ಇಲಾಖಿ ಜಂಬಮ್ಮ. ಇದು ಬ್ಯಾರೆ ಇಲಾಖಿ."

ಹುಡುಗ ಮಾತು ಬಿಟ್ಟ. ಉಂಡರೆ ಉಂಡ, ಇಲ್ಲದಿದ್ದರೆ ಗೋಡೆ ಕಡೆ ಮುಖ. ಪುಸ್ತಕ ಮಾತ್ರ ಬಿಡಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬರುತ್ತಿತ್ತು. ಈ ವರ್ಷ ಕೂರದಿದ್ದರೆ ಮುಂದಿನ ವರ್ಷ ಅವನು ನನ್ನ ಪಕ್ಕದಲ್ಲಿ ನಿಂತು ಹೊಟ್ಟು ತುಂಬುತ್ತಾನೆ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹೀಗಿರುವಾಗ ಬೆಂಗಳೂರಿನಿಂದ ತಂಡ ಬರುತ್ತದೆ ಅಂತ ಸುದ್ದಿ ಬಂತು. ತಪ್ಪು ಮಾಡಿದ ಮಕ್ಕಳನ್ನು ಸರಿದಾರಿಗೆ ತರಲು ಪೊಲೀಸು, ಶಾಲೆ, ಮಕ್ಕಳ ಆಫೀಸು, ಸಂಸ್ಥೆ ಎಲ್ಲಾ ಕೂಡಿ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುವುದಕ್ಕಂತೆ. ಕೂಡಿ! ನಾನು ಭತ್ತ ಕೆದರುತ್ತಿದ್ದವಳು ಅಲ್ಲೇ ನಿಂತು ನಕ್ಕುಬಿಟ್ಟೆ. ಮಿಲ್ಲಿನ ಮೇಸ್ತ್ರಿ, "ಏನಾತಬೇ ನಿನಗ?" ಅಂದ.

ಆಮೇಲೆ ನೋಡಿ ನನ್ನ ಗುಡಿಸಲಿಗೆ ಬಂದ ಯೋಗ. ಮೊದಲು ಬಂದವನು ಜಡೆಪ್ಪ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. "ಜಂಬಮ್ಮ, ಗುರುವಾರ ಹುಡುಗನ್ನ ನನ್ನ ಕೂಡ ಕಳಸು. ಪೊಲೀಸ್ ಮಾಮ ನನ್ನನ್ನ ತಿದ್ದಿದ್ರು ಅಂತ ಹೇಳ್ಬೇಕು, ಅಷ್ಟ. ನಮ್ಮ ಠಾಣೆ ಹುಡುಗ ಅಂವಾ."

ಮೌನೇಶ್ ಬಂದ. ಸಂಸ್ಥೆಯ ಹೆಸರು ಬರೆದ ಹಳದಿ ಬನಿಯನ್ನು ತಂದಿದ್ದ. "ಇದನ್ನ ಹಾಕ್ಕೊಂಡು ಬರ್ಲಿ ಅಮ್ಮಾ. ಹುಲುಗೇಶ ನಮ್ಮ ಸಂಸ್ಥೆಯ ಹೆಮ್ಮೆ." ರೇಣುಕಾದೇವಿ ಫೋನು ಮಾಡಿದರು. ನನ್ನ ನಂಬರು ಅವರ ಹತ್ತಿರ ಇತ್ತೆಂದು ನನಗೆ ಅವತ್ತೇ ಗೊತ್ತಾದದ್ದು. "ನಮ್ಮ ಆಫೀಸಿನಿಂದ ಉದ್ಧಾರ ಆದ ಹುಡುಗ ಅಂತ ಬರಕೊಂಡೀವಮ್ಮ. ತಲಿ ಬಾಚಿ ಕಳಸ್ರಿ."

ಕೊನೆಗೆ ಹೆಡ್‌ಮಾಸ್ತರೂ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. "ಜಂಬಮ್ಮ, ಕಾರ್ಯಕ್ರಮ ನಮ್ಮ ಸಾಲ್ಯಾಗ ಐತಿ. ಹುಡುಗ ಸ್ಟೇಜ್ ಮ್ಯಾಲ ನಿಂತು ನಾಕು ಮಾತಾಡ್ಲಿ."

ನನ್ನ ಎದೆ ಹಿಗ್ಗಿತು. "ಹಂಗಾರ ಸರ, ಕ್ಲಾಸಿಗೆ ಕುಂದ್ರಸ್ಕೋಂತೀರೇನ್ರಿ?"

"ಕ್ಲಾಸಿಗೆ ಕಾಗದ ಬೇಕಲ್ಲಮ್ಮ."

"ಮತ್ತ ಸ್ಟೇಜಿಗೆ?"

"ಸ್ಟೇಜಿಗೆ ಕಾಗದ ಬ್ಯಾಡ" ಅಂದರು ಹೆಡ್‌ಮಾಸ್ತರು.

ತೋರಿಸಲಿಕ್ಕೆ ನನ್ನ ಮಗ ಎಲ್ಲರಿಗೂ ಬೇಕು. ಸೇರಿಸಿಕೊಳ್ಳಲಿಕ್ಕೆ ಯಾರಿಗೂ ಬೇಡ. ಅವರು ಹೋದ ಮೇಲೆ ನಾನು ಒಲೆ ಮುಂದೆ ಬಹಳ ಹೊತ್ತು ಕೂತೆ. ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಅದರ ಬದಲು ಒಂದು ತುಂಟತನ ಬಂತು. ಮಗನನ್ನು ಕರೆದು ಕಿವಿಯಲ್ಲಿ ಹೇಳಿದೆ. ಅವನು ಕೇಳಿ ನನ್ನ ಮುಖ ನೋಡಿದ. ಆಮೇಲೆ ನಕ್ಕ. ಎಷ್ಟೋ ತಿಂಗಳಾದ ಮೇಲೆ ಅವನ ಹಲ್ಲು ನೋಡಿದೆ ನಾನು.

"ಯವ್ವಾ, ನೀನು ಭಾಳ ಡೇಂಜರ್ ಅದಿ" ಅಂದ.

ಗುರುವಾರ ಬೆಳಿಗ್ಗೆ ಚಂಬಿಗೆ ಕೆಂಡ ಹಾಕಿ ಅವನ ಹಳೆಯ ಯೂನಿಫಾರಂ ಇಸ್ತ್ರಿ ಮಾಡಿದೆ. ತೋಳು ಗಿಡ್ಡವಾಗಿತ್ತು. ತಲೆ ಬಾಚಿ ಕಳಿಸಿದೆ. ಎಲ್ಲಿಗೆ ಅಂತ ಆಮೇಲೆ ಹೇಳುತ್ತೇನೆ. ನಾನು ಮಿಲ್ಲಿಗೆ ಹೋದೆ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನಗೆ ಓದಲು ಬರುವುದಿಲ್ಲ ಅಂತ ಹುಲುಗೇಶ ಅದರಲ್ಲಿ ಒಬ್ಬೊಬ್ಬರ ನಂಬರಿಗೆ ಒಂದೊಂದು ಚಿತ್ರ ಹಾಕಿಕೊಟ್ಟಿದ್ದ. ಜಡೆಪ್ಪನಿಗೆ ಜೀಪು. ರೇಣುಕಾದೇವಿಗೆ ಛತ್ರಿ. ಮೌನೇಶನಿಗೆ ಬನಿಯನ್ನು. ಹೆಡ್‌ಮಾಸ್ತರಿಗೆ ಕನ್ನಡಕ.

ಮೊದಲು ಜೀಪು ಬಡಿದುಕೊಂಡಿತು. "ಎಲ್ಲೆದಾನ ಹುಡುಗ? ಮನಿಗೆ ಬೀಗ ಐತಿ."

"ಅಯ್ಯ, ಹೊಸಪೇಟಿ ಮೇಡಂ ಬೆಳಿಗ್ಗೇನ ಕರಕೊಂಡು ಹೋದ್ರಲ್ರಿ. ಅವರ ಹುಡುಗಂತ" ಅಂದೆ.

ಆಮೇಲೆ ಛತ್ರಿ. ರೇಣುಕಾದೇವಿ ಕಂಪ್ಲಿ ದಾಟಿ ದಾರಿಯಲ್ಲಿದ್ದರು. "ಸಂಸ್ಥೆ ಮೌನೇಶಣ್ಣ ಬಂದು ಕರಕೊಂಡು ಹೋದ್ರಿ ಮೇಡಂ" ಅಂದೆ. ಬನಿಯನ್ನು ಬಂತು. "ಹೆಡ್‌ಮಾಸ್ತರು ಬಿಡಬೇಕಲ್ಲಪ್ಪ, ಅವರೇ ಇಟ್ಕೊಂಡಾರ" ಅಂದೆ. ಕನ್ನಡಕ ಬಂತು. "ಜಡೆಪ್ಪ ಸಾಹೇಬ್ರು ಜೀಪಿನ್ಯಾಗ ಕುಂದ್ರಿಸ್ಕೊಂಡು ಹೋದ್ರು ಸರ. ನಾನು ಬ್ಯಾಡ ಅನ್ನಾಕ ಆಗತೈತೇನ್ರಿ ಪೊಲೀಸ್ರಿಗೆ?" ಅಂದೆ. ಅವರು ನನ್ನನ್ನು ಸುತ್ತಿಸಿದ ದಾರಿಯಲ್ಲೇ ಅವರನ್ನು ಸುತ್ತಿಸಿದೆ, ಬೇರೆ ಏನೂ ಮಾಡಲಿಲ್ಲ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನಗು ತಡೆಯಲು ಆಗುವುದಿಲ್ಲ. ಜೀಪು ಮತ್ತೆ ಬಡಿದುಕೊಂಡಿತು. "ಜಂಬಮ್ಮ, ಆ ಹೊಸಪೇಟಿ ಮೇಡಂ ನಂಬರ್ ಐತೇನು ನಿನ್ನ ಹತ್ರ?" ಛತ್ರಿ ಬಂತು. "ಆ ಮೌನೇಶ ಅನ್ನೋರ ನಂಬರ್ ಕೊಡಮ್ಮ ಜಲ್ದಿ." ಇಷ್ಟು ವರ್ಷ ನಮ್ಮ ಮಕ್ಕಳನ್ನು ಕೂಡಿ ತಿದ್ದುತ್ತಿದ್ದವರ ಹತ್ತಿರ ಒಬ್ಬರದ್ದು ಒಬ್ಬರ ನಂಬರಿಲ್ಲ! ಭತ್ತದ ಅಂಗಳದಲ್ಲಿ ನಿಂತು ನಾನು ಎಲ್ಲರ ನಂಬರನ್ನೂ ಎಲ್ಲರಿಗೂ ಕಳಿಸಿದೆ. ಚಿತ್ರ ಒತ್ತಿದರೆ ಹೋಗುತ್ತದೆ, ಮಗ ಕಲಿಸಿದ್ದ.

ಊರಿನಲ್ಲಿ ಹುಡುಕಾಟ ಶುರುವಾಯಿತು. ಜಡೆಪ್ಪ ಇಸ್ಪೀಟಾಡುವ ಜಾಗಕ್ಕೆ ಹೋಗಿ ನೋಡಿದ, ಬಾರಿನ ಹಿಂದೆ ನೋಡಿದ. ಮೌನೇಶ್ ಬೈಕಿನಲ್ಲಿ ಹೊಳೆದಂಡೆಗೆ ಹೋದ. ಹೆಡ್‌ಮಾಸ್ತರು ಹುಡುಗರು ಈಜು ಬೀಳುವ ಕಾಲುವೆ ತನಕ ಹೋಗಿ ಧೋತರ ಒದ್ದೆ ಮಾಡಿಕೊಂಡು ಬಂದರು. ನನ್ನ ಮಗ ಎಲ್ಲೆಲ್ಲಿ ಇರುತ್ತಾನೆ ಅಂತ ಅವರಿಗೆ ಅನ್ನಿಸಿತೋ ಅಲ್ಲೆಲ್ಲ ನೋಡಿದರು.

ಮೇಸ್ತ್ರಿಗೆ, "ನನ್ನ ಮಗನ ಸನ್ಮಾನ ಐತಿ, ನೋಡಿ ಬರ್ತೀನಿ" ಅಂತ ಹೇಳಿ ನಾನು ಶಾಲೆಗೆ ಹೋದೆ. ಕಾಲಿಗೆ ಭತ್ತ ಮೆತ್ತಿಕೊಂಡಿತ್ತು. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬೆಂಗಳೂರಿನಿಂದ ಬಂದವರು ಹೇಮಾ ಮೇಡಂ, ಜೊತೆಗೆ ಇಬ್ಬರು ಗಂಡಸರು. ಹೇಮಾ ಮೇಡಂ ಸಣ್ಣ ವಯಸ್ಸಿನವರು, ಆದರೆ ಕಣ್ಣು ಚುರುಕು. ಸ್ಟೇಜಿನ ಮೇಲೆ ನಮ್ಮ ನಾಲ್ವರು ಕೂತಿದ್ದರು. ಎಲ್ಲರಿಗೂ ಏದುಸಿರು. "ಓ, ನೀವೇನ್ರಿ ರೇಣುಕಾದೇವಿ ಮೇಡಂ?" ಅಂತ ಜಡೆಪ್ಪ ಪಿಸುಗುಡುವುದು ನನಗೆ ಕೇಳಿಸಿತು.

"ಎಲ್ಲಾ ಇಲಾಖೆಯವರೂ ಒಟ್ಟಿಗೆ ಬಂದಿದ್ದೀರಿ, ಬಹಳ ಸಂತೋಷ" ಅಂದರು ಹೇಮಾ ಮೇಡಂ. "ಆ ಹುಡುಗನನ್ನ ಕರೀರಿ, ಮಾತಾಡೋಣ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಡೆಪ್ಪ ಎದ್ದ. ಯಾವನಾದರೂ ಒಬ್ಬ ಹುಡುಗನನ್ನು ಹಿಡಿದು ತರೋಣ ಅಂತ ಅಂಗಳಕ್ಕೆ ಇಳಿದ. ಆದರೆ ಜಡೆಪ್ಪ ಬರುವುದನ್ನು ಕಂಡರೆ ನಮ್ಮೂರ ಹುಡುಗರು ನಿಲ್ಲುತ್ತಾರೆಯೇ? ಎಲ್ಲಾ ಪುರ್ರನೆ ಹಾರಿದರು. ಓಡದೆ ನಿಂತವನು ಒಬ್ಬನೇ. ಏಣಿ ಹತ್ತಿ ಮಾವಿನೆಲೆ ಕಟ್ಟುತ್ತಿದ್ದ ಮುರುಗೇಶ. ಅವನು ಯಾಕೆ ಓಡಬೇಕು? ಪೊಲೀಸರೆಂದರೆ ಏನು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ.

ಕಂಬದ ಮರೆಯಲ್ಲಿ ಏನೋ ಮಾತಾಯಿತು. "ಹತ್ತು ನಿಮಿಷ ಅಷ್ಟ, ಸಣ್ಣ ಸಾವ್ಕಾರ್ರ" ಅಂತ ಜಡೆಪ್ಪ ಹಲ್ಲು ಕಿರಿದ. ಮೌನೇಶ್ ಬ್ಯಾಗಿನಿಂದ ಇನ್ನೊಂದು ಹಳದಿ ಬನಿಯನ್ನು ತೆಗೆದು ಅವನಿಗೆ ತೊಡಿಸಿದ. ಮುರುಗೇಶ ಸ್ಟೇಜು ಹತ್ತಿದ. "ಇವನೇ ಹುಲುಗೇಶ" ಅಂದರು ಹೆಡ್‌ಮಾಸ್ತರು. ಶಾಮಿಯಾನದ ಕೆಳಗಿದ್ದ ಊರವರು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು.

"ಹುಲುಗೇಶ, ಏನು ತಪ್ಪು ಮಾಡಿದ್ದೆಯಪ್ಪ?"

"ಗಾಡಿ ಓಡಿಸಿದ್ದೆರಿ ಮೇಡಂ. ಕೀ ಗಾಡ್ಯಾಗ ಇತ್ತು. ಬುಕ್ಕಸಾಗರದ ತಿರುವಿನಾಗ ಹಿಂಗ ಬಗ್ಗಿಸಿದೆ ನೋಡ್ರಿ, ಮಸ್ತ್..." ಅಂತ ಮುರುಗೇಶ ಎರಡೂ ಕೈ ಮುಂದೆ ಚಾಚಿ ತೋರಿಸಿದ. ಹಿಂದೆ ಕೂತವನು ಹೀಗೆ ಹೇಳುವುದು ಹೇಗೆ ಸಾಧ್ಯ ಹೇಳಿ!

"ಎಷ್ಟು ಪ್ರಾಮಾಣಿಕ ಹುಡುಗ" ಅಂದರು ಹೇಮಾ ಮೇಡಂ. "ಇವನ ತಾಯಿ ಬಂದಿದ್ದಾರಾ?"

ನಾಲ್ಕೂ ಜನರ ಕಣ್ಣು ನನ್ನ ಮೇಲೆ ಬಿತ್ತು. ಹೆಡ್‌ಮಾಸ್ತರು ಸ್ಟೇಜು ಇಳಿದು ದಡದಡ ಬಂದರು. ನನ್ನ ಕಿವಿಯ ಹತ್ತಿರ ಬಗ್ಗಿದರು. "ಜಂಬಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಮಗ ಹೌದು ಅಂತ ಒಂದು ಮಾತು ಅನ್ನು. ನಾಳೆ ಹುಲುಗೇಶನ್ನ ಕ್ಲಾಸಿಗೆ ತಗೋಂತೀನಿ. ಕಾಗದ ಬ್ಯಾಡ, ಏನೂ ಬ್ಯಾಡ."

ಆಣೆ ಮಾಡಿ ಹೇಳುತ್ತೇನೆ, ಹೌದು ಅನ್ನಲು ಬಾಯಿ ತೆರೆದಿದ್ದೆ. ನನಗೆ ಬೇಕಾದದ್ದು ಅದೊಂದೇ. ಅದಕ್ಕಾಗಿಯೇ ನಾನು ಚಪ್ಪಲಿ ಸವೆಸಿದ್ದು. ಒಂದು ಹೌದು ಅಂದರೆ ಮುಗಿಯಿತು. ಆದರೆ ಆ ಬಿಳಿ ಮುಖದ ಹುಡುಗ ಅಲ್ಲಿ ನಿಂತು ನನ್ನ ಮಗನ ಹೆಸರು ಹಾಕಿಕೊಂಡು ನಗುತ್ತಿದ್ದ. ತಪ್ಪು ಮಾಡಿದಾಗ ಅವನ ತಪ್ಪನ್ನು ನನ್ನ ಮಗನ ಮೇಲೆ ಹಾಕಿದರು. ಈಗ ಹೊಗಳುವಾಗ ನನ್ನ ಮಗನ ಹೆಸರನ್ನು ಅವನ ಮೇಲೆ ಹಾಕಿದ್ದಾರೆ. ಉಳಿದದ್ದು ಹೆತ್ತವಳು ಒಬ್ಬಳು. ಅವಳನ್ನೂ ಕೊಡು ಅನ್ನುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಆ ತುಂಟತನವೂ ಬಂತು.

"ಹೌದ್ರಿ ಮೇಡಂ!" ಅಂತ ಕೂಗಿದೆ. "ನನ್ನ ಮಗನ ಇಂವಾ. ಬಾರೋ ನನ ಕಂದಾ!"

ಸ್ಟೇಜಿಗೆ ಹೋಗಿ ಮುರುಗೇಶನನ್ನು ತಬ್ಬಿಕೊಂಡೆ. ಹೊಟ್ಟಿನ ಧೂಳೆಲ್ಲ ಅವನ ಕುತ್ತಿಗೆಗೆ ಹತ್ತಿತು. ಅವನು ಅಲ್ಲೇ ಕೆರೆದುಕೊಳ್ಳತೊಡಗಿದ. ಹೆಡ್‌ಮಾಸ್ತರು ಹಣೆಯ ಬೆವರು ಒರೆಸಿಕೊಂಡರು.

"ಮೇಡಂ, ಇವನ್ನ ಹೆಂಗ ತಿದ್ದಿದ್ರು ಅಂತ ಬರೇ ಬಾಯಿಲೆ ಕೇಳಿದ್ರ ಏನ್ ತಿಳಿತೈತ್ರಿ? ಕಣ್ಣಿಲೆ ನೋಡ್ರಿ. ಪ್ರತಿ ಐತವಾರ ಠಾಣ್ಯಾಗ ಜೀಪು ತೊಳಸ್ತಾರ. ಭಾಳ ಚೆಂದ ತೊಳೀತಾನ ನನ್ನ ಮಗ. ಜೀಪು ಇಲ್ಲೇ ಐತಿ. ಬಾ ಕಂದಾ, ಮೇಡಮ್ಮಾರಿಗೆ ತೋರ್ಸು."

"ಜೀಪ್ ತೊಳೆಸ್ತೀರಾ?" ಅಂತ ಹೇಮಾ ಮೇಡಂ ಜಡೆಪ್ಪನ ಕಡೆ ತಿರುಗಿದರು. ಜಡೆಪ್ಪನ ಮೀಸೆ ಇಳಿಯಿತು. ನಾನು ಕಾಯಲಿಲ್ಲ. ಬಿಸಿಯೂಟದ ಕೋಣೆಯಿಂದ ಬಕೆಟ್ಟು ತಂದು ಕೆಳಗಿಟ್ಟೆ. ಬಟ್ಟೆಯನ್ನು ಮುರುಗೇಶನ ಕೈಗೆ ಕೊಟ್ಟೆ. ಅವನು ಬಟ್ಟೆ ನೋಡಿದ, ನನ್ನ ಮುಖ ನೋಡಿದ. ನಗು ಹೋಗಿತ್ತು. ಏನು ಅನ್ನಿಸಿತೋ, ಮಾತಾಡದೆ ಕುಕ್ಕರುಗಾಲಲ್ಲಿ ಕೂತು ಟೈರು ಒರೆಸಲು ಶುರುಮಾಡಿದ. ಊರೆಲ್ಲ ಸುತ್ತ ನಿಂತು ನೋಡಿತು.

ಸರಿಯಾಗಿ ಆ ಹೊತ್ತಿಗೆ ಗೇಟಿನಿಂದ ಸಾವ್ಕಾರ ಮರುಳಸಿದ್ದಪ್ಪನ ಕಾರು ಬಂತು. ಶಾಲೆಯ ಕಮಿಟಿಗೆ ಅವನೇ ಅಧ್ಯಕ್ಷ. ಬಂದವರಿಗೆ ಊಟ ಅವನ ಮನೆಯಿಂದ. ಹಿಂದಿನ ಸೀಟಿನ ತುಂಬ ಹೋಳಿಗೆಯ ಡಬರಿ. ಅವತ್ತು ನನ್ನ ಮಗನಿಗೆ ಕೊಡದ ಸೀಟು ಅದೇ. ಸಾವ್ಕಾರ ಇಳಿದ. ಕೆಸರು ನೀರಿನಲ್ಲಿ ಕೂತು ಪೊಲೀಸ್ ಜೀಪು ತೊಳೆಯುತ್ತಿದ್ದ ಮಗನನ್ನು ಕಂಡ.

"ಲೇ ಜಡೆಪ್ಪಾ!" ಅಂತ ಗುಡುಗಿದ. "ನನ್ನ ಮಗನ ಕೈಲೆ ಜೀಪು ತೊಳಸ್ತೀಯೇನಲೇ? ಆ ಕೆಲಸಕ್ಕ ಜಂಬಮ್ಮನ ಮಗ ಇಲ್ಲೇನು?"

ಮುರುಗೇಶನ ಕೈ ತಾಗಿ ಬಕೆಟ್ಟು ಉರುಳಿತು.

ಹೇಮಾ ಮೇಡಂ ಒಂದು ಹೆಜ್ಜೆ ಮುಂದೆ ಬಂದರು. "ಇವನು ನಿಮ್ಮ ಮಗನಾ?" ಅಂತ ಸಾವ್ಕಾರನನ್ನು ಕೇಳಿದರು. "ಹಾಗಾದ್ರೆ ಹುಲುಗೇಶ ಯಾರು?"

ಮಾತಾಡಿದವನು ಮುರುಗೇಶ. ಒದ್ದೆ ಬಟ್ಟೆ ಇನ್ನೂ ಕೈಯಲ್ಲಿತ್ತು. ತಲೆ ಎತ್ತಲಿಲ್ಲ. "ನಾನು ಮುರುಗೇಶ್ ಮೇಡಂ. ಗಾಡಿ ಓಡಿಸಿದ್ದು ಮಾತ್ರ ನಾನ. ಹುಲುಗೇಶ ಬರೇ ಹಿಂದ ಕುಂತಿದ್ದ. ನಾನ ಹತ್ತು ಅಂದಿದ್ದೆ."

ಸಾವ್ಕಾರ ಮಗನ ಕೆನ್ನೆಗೆ ಒಂದು ಬಿಟ್ಟ. ತಡವಾಗಿತ್ತು. ಎಲ್ಲರೂ ಕೇಳಿಸಿಕೊಂಡಿದ್ದರು.

"ಅಮ್ಮಾ, ಹಾಗಾದ್ರೆ ನಿಮ್ಮ ಮಗ ಎಲ್ಲಿ?" ಅಂದರು ಹೇಮಾ ಮೇಡಂ.

"ಇವರನ್ನ ಕೇಳ್ರಿ ಮೇಡಂ. ಬೆಳಿಗ್ಗಿಂದ ಊರೆಲ್ಲಾ ಹುಡುಕ್ಯಾರ. ಇಸ್ಪೀಟಿನ ಅಡ್ಡೆ ನೋಡ್ಯಾರ, ಬಾರ್ ನೋಡ್ಯಾರ, ಕಾಲುವೆ ನೋಡ್ಯಾರ. ಒಂದು ಜಾಗ ಬಿಟ್ಟಾರ" ಅಂದೆ. ನಗುತ್ತ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. "ಹತ್ತನೇ ಕ್ಲಾಸು ಒಂದು ಯಾರೂ ನೋಡಿಲ್ರಿ."

ಎಲ್ಲರೂ ಆ ಕೋಣೆಯ ಕಡೆ ನಡೆದರು. ನಾಲ್ಕು ಇಲಾಖೆ, ಸಾವ್ಕಾರ, ಊರು. ಹುಲುಗೇಶ ಕೊನೆಯ ಬೆಂಚಿನಲ್ಲಿ ಕೂತಿದ್ದ, ಗಿಡ್ಡ ತೋಳಿನ ಅಂಗಿಯಲ್ಲಿ. ಪ್ರಾರ್ಥನೆ ಗಂಟೆಯ ಹೊತ್ತಿಗೆ 'ಹಿಂದಿನ ಕಾಂಪೌಂಡು ಹಾರಿ ಒಳಗೆ ಹೋಗಿ ಕೂತುಬಿಡು' ಅಂತ ನಾನೇ ಹೇಳಿದ್ದೆ. ಮೇಷ್ಟ್ರುಗಳೆಲ್ಲ ಶಾಮಿಯಾನದಲ್ಲಿದ್ದರು. ಕ್ಲಾಸಿನ ಮಕ್ಕಳು ಅವನನ್ನು ನಡುವೆ ಇಟ್ಟುಕೊಂಡು ಬಾಯಿ ಬಿಟ್ಟಿರಲಿಲ್ಲ. ಮುರುಗೇಶನೂ ಬೆಳಿಗ್ಗೆ ನೋಡಿದ್ದನಂತೆ, ಅವನೂ ಹೇಳಿರಲಿಲ್ಲ. ಬೋರ್ಡಿನ ಮೇಲಿದ್ದ ಲೆಕ್ಕವನ್ನು ಹುಲುಗೇಶ ಬರೆದುಕೊಳ್ಳುತ್ತಿದ್ದ. ಇಷ್ಟು ಜನರನ್ನು ಕಂಡು ಎದ್ದು ನಿಂತ.

"ನಾಳೆಯಿಂದ ಬರ್ಲಿ ಬಿಡ್ರಿ, ನಾನು ಹೇಳೇನಲ್ಲ..." ಅಂದರು ಹೆಡ್‌ಮಾಸ್ತರು.

"ನಾಳೆ ಅಲ್ರಿ ಸರ" ಅಂದೆ. ಬಾಗಿಲಿಗೆ ಅಡ್ಡ ನಿಂತೆ. "ಈಗ. ಎದ್ದು ಹೊರಗ ಹೋಗು ಅಂತ ಈಗ ಹೇಳ್ರಿ ನೋಡಾಣ. ಕಾಗದ ಬೇಕಂದ್ರ ಇಲ್ಲೇ ಅದೀರಿ ನಾಕೂ ಮಂದಿ. ಬರಕೊಳ್ರಿ ಒಬ್ಬರಿಗೊಬ್ಬರು. ನಿಮ್ಮ ಕಾಗದ ನಾನು ಇನ್ನ ಹೊರಂಗಿಲ್ಲ." ಜಡೆಪ್ಪನ ಕಡೆ ತಿರುಗಿದೆ. "ಐತವಾರ ಬರಂಗಿಲ್ರಿ ಸಾಹೇಬ್ರ ನನ್ನ ಮಗ. ಮುಖ ನೋಡಬೇಕಂದ್ರ ಇಲ್ಲಿಗೆ ಬಂದು ನೋಡ್ಕೊಂಡು ಹೋಗ್ರಿ."

ಹೇಮಾ ಮೇಡಂ ಮೊದಲ ಬೆಂಚಿನಲ್ಲಿ ಮಕ್ಕಳ ಪಕ್ಕದಲ್ಲೇ ಕೂತರು. "ಬರೀರಿ, ನಾನು ಕಾಯ್ತೀನಿ" ಅಂದರು. ಮಳೆಗಾಲದಿಂದ ಆಗದಿದ್ದ ಕೆಲಸ ಹೋಳಿಗೆ ತಣ್ಣಗಾಗುವುದರೊಳಗೆ ಮುಗಿಯಿತು. ಹುಲುಗೇಶನಿಗೆ ಕೂರು ಅಂತ ಯಾರೂ ಹೇಳಲಿಲ್ಲ. ಅವನೇ ಕೂತ.

ಮಿಲ್ಲಿನ ಕೆಲಸ ಅವತ್ತೇ ಹೋಯಿತು, ಹೇಳಬೇಕಾಗಿಲ್ಲ. ಈಗ ಎಮ್ಮಿಗನೂರಿನ ಕಡೆ ಕಬ್ಬಿನ ಗದ್ದೆಗೆ ಹೋಗುತ್ತೇನೆ. ಕಬ್ಬಿನ ಗರಿ ಕೈ ಕೊಯ್ಯುತ್ತದೆ, ಹೊಟ್ಟಿನ ಕೆರೆತ ಮಾತ್ರ ಇಲ್ಲ. ಮುರುಗೇಶನ ಮೇಲೆ ಕೇಸು ಆಗಲಿಲ್ಲ. ಆಗಲಿ ಅಂತ ನಾನೂ ಕೇಳಲಿಲ್ಲ. ಆ ಸುತ್ತಿನೊಳಗೆ ಯಾರ ಮಗನೂ ಬೀಳುವುದು ಬೇಡ. ಆದರೆ ನನ್ನ ಮಗನ ಕೇಸು ಇನ್ನೂ ಇದೆ. ಅದನ್ನು ಮಾತ್ರ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ತಂಡದ ವರದಿ ಬಂತು ಅಂತ ಮೌನೇಶ್ ಹೇಳಿದ. ಜೀಪಿನ ವಿಷಯ ಬರೆದಿದ್ದಾರಂತೆ, ಕೇಸಿನಲ್ಲಿ ಬಿಟ್ಟುಹೋದ ಹುಡುಗನ ವಿಷಯ ಬರೆದಿದ್ದಾರಂತೆ. ಹೇಮಾ ಮೇಡಂ ಸುಳ್ಳು ಬರೆಯಲಿಲ್ಲ. ಆದರೆ ಕೊನೆಗೆ ಇನ್ನೊಂದು ಮಾತಿದೆಯಂತೆ. ಹುಡುಗ ಕಾಣೆಯಾದ ದಿನ ನಾಲ್ಕೂ ಇಲಾಖೆಗಳು ತಕ್ಷಣ ಒಬ್ಬರನ್ನೊಬ್ಬರು ಸಂಪರ್ಕಿಸಿ ಒಂದೇ ಕಡೆ ಸೇರಿದ್ದು ಮೆಚ್ಚಬೇಕಾದದ್ದು ಅಂತ. ನನ್ನ ಹೆಸರು ಇದೆಯೇನಪ್ಪ ಅಂತ ಕೇಳಿದೆ. ಇಲ್ಲವಂತೆ. ಇಬ್ಬರೂ ಕೂಡಿ ನಕ್ಕೆವು.

ಮೊನ್ನೆ ನಡು ಮಧ್ಯಾಹ್ನ ಜಡೆಪ್ಪ ಮನೆ ಮುಂದೆ ಬಂದು ನಿಂತ. ಅವತ್ತು ನನಗೆ ಮೈಗೆ ಹುಷಾರಿರಲಿಲ್ಲ, ಮನೆಯಲ್ಲಿದ್ದೆ. ಹಿಂದೆ ಜೀಪು. ಕಿಟಕಿ, ಬಾಗಿಲು, ದೀಪ ಎಲ್ಲದರ ಮೇಲೂ ಕೆಂಪು ಧೂಳು ಕೂತಿತ್ತು. ಕಣ್ಣು ತುಂಬ ನೋಡಿದೆ.

"ಜಂಬಮ್ಮ" ಅಂದ ಜಡೆಪ್ಪ. ದನಿ ಮೆತ್ತಗಿತ್ತು. "ಇನ್ನೊಂದು ಹುಡುಗನ ಕೇಸ್ ಬಂದೈತಿ. ನನ್ನ ಫೋನ್ ಕೆಟ್ಟು ನಂಬರೆಲ್ಲಾ ಹೋದ್ವು. ಆ ಹೊಸಪೇಟಿ ಮೇಡಂ ನಂಬರ್ ಐತೇನು?"

"ಐತ್ರಿ" ಅಂದೆ. "ಆದ್ರ ಫೋನ್ ನನ್ನ ಮಗನ ಹತ್ರ ಐತಿ."

"ಅಂವಾ ಎಲ್ಲೆದಾನ?"

ನಾನು ಬಾಗಿಲಿಗೆ ಒರಗಿ ಆರಾಮಾಗಿ ಕೂತೆ. ಆ ಮಾತನ್ನು ಅವಸರದಲ್ಲಿ ಹೇಳುವ ಮನಸ್ಸಿರಲಿಲ್ಲ ನನಗೆ.

"ಸಾಲ್ಯಾಗ ಅದಾನ್ರಿ ಸಾಹೇಬ್ರ. ಸಾಲಿ ಬಿಟ್ಟ ಮ್ಯಾಲ ಬರ್ರಿ."